ಚಿಲಕವಿಲ್ಲದ ಮನೆ

ಜಮಾದಾರರು ಹೋದರೆಂದು ಬೋರಣ್ಣ ಬಂದು ಹೇಳಿದಾಗ ನಾನು ಶಾಲೆಯ ಜಗುಲಿಯಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದೆ. ಸ್ವಾತಂತ್ರ್ಯ ಬಂದು ಸ್ವಲ್ಪ ದಿನವಾಗಿತ್ತು. ಬಾಗಿಲಿಗೆ ಅಂಟಿಸಿದ್ದ ಬಣ್ಣದ ಕಾಗದ ಇನ್ನೂ ಪೂರ್ತಿ ಉದುರಿರಲಿಲ್ಲ. ಸಾವಿನ ಸುದ್ದಿ ಬಂದರೆ ಯಾವಾಗ, ಹೇಗೆ, ಏನಾಗಿತ್ತು ಎಂದು ಕೇಳುವುದು ರೂಢಿ. ನನ್ನ ಬಾಯಲ್ಲಿ ಬಂದದ್ದು ಬೇರೆ.

“ಬಾಗ್ಲು ತೆಗೆದಿತ್ತಾ ಬೋರಣ್ಣ?”

“ತಗ್ದೇ ಇತ್ತು ಕಣವ್ವ. ಬೆಳಗಿನ್ ಬಿಸ್ಲು ಮಕದ್ ಮ್ಯಾಲೆ ಬಿದ್ದಿತ್ತು. ನಿದ್ದೇಲೇ ಓಗವ್ರೆ.”

ಸದ್ಯ, ಎಂದುಕೊಂಡೆ. ಅಳು ಆಮೇಲೆ ಬಂತು. ಬೋರಣ್ಣ ಹೆಗಲ ಮೇಲಿನ ಟವಲನ್ನು ಮುಖಕ್ಕೆ ಒತ್ತಿಕೊಂಡು ಜಗುಲಿಯ ಅಂಚಿನಲ್ಲಿ ಕೂತ. ಆರಡಿ ಆಳು ಹಾಗೆ ಬಿಕ್ಕುವುದನ್ನು ನನ್ನ ಮಕ್ಕಳು ಮಗ್ಗಿ ಮರೆತು ನೋಡಿದವು. ಅಳುವುದು ಬರುತ್ತದಲ್ಲ ಇವನಿಗೆ ಎಂದು ನನಗೆ ಇನ್ನೊಂದು ಸಮಾಧಾನ. ಇದೇನು ಹುಚ್ಚು ಸಮಾಧಾನ ಎನ್ನುವವರು ಮುಂದೆ ಓದಬೇಕು.

ನಮ್ಮದು ಹಲಗೂರಿಗೆ ಹತ್ತಿರದ ಹಳ್ಳಿ. ನಮ್ಮ ಮನೆಗೂ ಜಮಾದಾರರ ಮನೆಗೂ ನಡುವೆ ಒಂದೇ ಗೋಡೆ. ಅವರು ದೊಡ್ಡ ಊರೊಂದರ ಜೈಲಿನಲ್ಲಿ ಕಾವಲಿನ ಜಮಾದಾರರಾಗಿದ್ದು, ಪಿಂಚಣಿ ಪಡೆದು ಊರಿಗೆ ಬಂದವರು. ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಯಾರೂ ಇರಲಿಲ್ಲ. ನಾನೂ ಇಲ್ಲಿ ಹೆಸರು ಹೇಳುವುದಿಲ್ಲ. ಬಂದ ವಾರದಲ್ಲೇ ಆಚಾರಿಯನ್ನು ಕರೆಸಿ ಮನೆಯ ಬಾಗಿಲುಗಳ ಚಿಲಕ, ಅಗುಳಿ, ಕೊಂಡಿ ಎಲ್ಲವನ್ನೂ ಕೀಳಿಸಿ ಅವನಿಗೇ ಕೊಟ್ಟುಬಿಟ್ಟರು. ಗಾಳಿಗೆ ಬಾಗಿಲು ಬಡಿದುಕೊಳ್ಳದಿರಲಿ ಎಂದು ಒಂದು ಗುಂಡುಕಲ್ಲನ್ನು ಒತ್ತಿಡುತ್ತಿದ್ದರು, ಅಷ್ಟೇ. ಜೈಲಿನಲ್ಲಿದ್ದು ತಲೆ ಕೆಟ್ಟಿದೆ ಎಂದಿತು ಊರು. ಅವರ ಹೆಂಡತಿಯನ್ನು ನಾವು ಅಜ್ಜಿ ಎನ್ನುತ್ತಿದ್ದೆವು. ಅಜ್ಜಿಯ ಗೊಣಗಾಟ ನಮ್ಮ ಮನೆಗೂ ಕೇಳುತ್ತಿತ್ತು. “ಬೀಗ ಆಕಿ ಆಕಿ ಕೈ ಸೋತದಂತೆ ಇವ್ರಿಗೆ. ನಾಯಿ ಒಳಿಕ್ ಬಂದು ಮುದ್ದೆ ತಿನ್ಕಂಡ್ ಓಯ್ತದೆ, ಅದನ್ನ ಓಡಿಸಾಕೆ ನನ್ ಕೈ ಸೋತದೆ.”

ಆಳು ಎತ್ತರ, ಮೀಸೆ ಭಾರಿ, ಮಾತು ಒರಟು. ಆದರೆ ಯಾವ ಕೋಣೆಗೂ ಹಾಗೇ ನುಗ್ಗಿದವರಲ್ಲ. ತಮ್ಮದೇ ಅಡಿಗೆಮನೆಯಾದರೂ ಒಳಗೆ ಯಾರಾದರೂ ಇದ್ದರೆ ಹೊಸ್ತಿಲಲ್ಲಿ ನಿಂತು ಕೆಮ್ಮಿ, ಒಂದು ಗಳಿಗೆ ಬಿಟ್ಟು ಕಾಲಿಡುವರು. ಜೈಲಿನಲ್ಲಿದ್ದಾಗ ಲಾಳ ಹೊಡೆದ ಬೂಟು ಹಾಕಿ ನಡೆದವರು. ಆ ಸದ್ದು ಕೇಳಿದರೆ ಒಳಗಿದ್ದ ಹುಡುಗರು ಗೋಡೆಗೆ ಸರಿಯುತ್ತಿದ್ದರಂತೆ. ಊರಿಗೆ ಬಂದ ಮೇಲೆ ಬೂಟು ಬಿಟ್ಟು ಈ ಕೆಮ್ಮು ಹಿಡಿದರು. ನೆಗಡಿ ಕೆಮ್ಮು ಬೇರೆ, ಜಮಾದಾರರ ಕೆಮ್ಮು ಬೇರೆ ಎಂದು ನಮ್ಮ ಬೀದಿಯ ಕೂಸಿಗೂ ಗೊತ್ತಿತ್ತು.

ಚಿಲಕ ಕೀಳಿಸಿದ್ದೇಕೆಂದು ಒಂದೇ ಒಂದು ಸಲ ನನಗೆ ಹೇಳಿದರು. ಅವರ ಹೊಲದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದೆವು. ಅವರು ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು, ಆಗಿನ್ನೂ ಓದುತ್ತಿದ್ದ ನಾನು ಸಂಜೆ ಶಾಲೆ ಬಿಟ್ಟ ಮೇಲೆ ಸೊಪ್ಪಿಗೆ ಹೋಗುತ್ತಿದ್ದೆ.

“ಜೈಲಲ್ಲಿ ಒಬ್ಬ ಐದ ಇದ್ದ ಕಣ್ ಪುಟ್ಟವ್ವ, ಸಣ್ ಉಡ್ಗ, ನಿನ್ ವಾರ್ಗೆಯೋನು. ದೊಡ್ ದೊಡ್ ಗಂಡಸ್ರ ಜೊತೆ ಕೂಡಾಕಿದ್ರು. ಬಾಗ್ಲು ಆಕ್ದಾಗೆಲ್ಲ ಅಳೋನು. ಬೀಗದ್ ಕೈ ನನ್ ಸೊಂಟದಲ್ಲೇ ಇತ್ತು, ತಗ್ಯಾಂಗಿರ್ನಿಲ್ಲ. ಒಂದಿನ ಅಳು ನಿಂತೋಯ್ತು. ಬುದ್ದಿ ಬಂತು ಅಂದ್ಕಂಡೆ ನಾನು. ಆಮ್ಯಾಕೆ ಅವನು ಅಳ್ಲೂ ಇಲ್ಲ, ನಗ್ಲೂ ಇಲ್ಲ. ಬುಡ್ಗಡೆ ದಿನ ಅವರವ್ವ ಬಂದು ತಬ್ಕಂಡ್ರೆ ಸುಮ್ನೆ ನಿಂತಿದ್ದ, ಅವಳ್ಯಾರೋ ಅನ್ನೋ ಅಂಗೆ.”

ಅಷ್ಟು ಹೇಳಿ ನನ್ನ ಬುಟ್ಟಿ ನೋಡಿ, ಬಲಿತ ಎಲೆ ಯಾಕೆ ಕಿತ್ತೆ ಎಂದು ಬೈದರು.

ತಿಂಗಳಿಗೆ ಒಂದೆರಡು ಸಲ ಅವರು ಹಳೆಯ ಕೋಟಿನ ಹಿತ್ತಾಳೆ ಗುಂಡಿಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಮಳವಳ್ಳಿಗೋ ಮದ್ದೂರಿಗೋ ಹೋಗಿ ಕೋರ್ಟಿನ ಜಗುಲಿಯಲ್ಲಿ ಕೂರುತ್ತಿದ್ದರು. ಮೀಸೆ ಮೂಡದ ಹುಡುಗನನ್ನು ಹಗ್ಗ ಕಟ್ಟಿ ತಂದರೆ ಎದ್ದು ಹಿಂದೆಯೇ ಒಳಗೆ ಹೋಗುವರು. ಚಿಕ್ಕ ವಯಸ್ಸು, ಮೊದಲ ಸಲದ ತಪ್ಪು ಎಂದಾದರೆ, ಯಾರಾದರೂ ಜಾಮೀನು ನಿಂತು ಹುಡುಗನನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿದರೆ, ಮ್ಯಾಜಿಸ್ಟ್ರೇಟರು ಜೈಲಿನ ಬದಲು ಅವರ ಜೊತೆ ಕಳಿಸಬಹುದಿತ್ತು. ಜಮಾದಾರರು ಒಪ್ಪಲೆಂದೇ ಹೋಗುತ್ತಿದ್ದರು. “ಮದ್ದೂರಿಗ್ ಓದೋರು ವಡೆ ತತ್ತಾರೆ, ನಮ್ ಜಮಾದಾರ್ರು ಕಳ್ಳನ್ನ ತತ್ತಾರೆ” ಎಂದು ಊರು ನಗುತ್ತಿತ್ತು. ಮೊದಲು ತಂದ ಹುಡುಗ ದುದ್ದದ ಕಡೆ ಗಾಡಿ ಹೊಡೆದುಕೊಂಡು ಚೆನ್ನಾಗಿದ್ದ, ಅವನ ನಂತರದವನು ಮಿಲಿಟರಿ ಸೇರಿದ. ಹಬ್ಬಕ್ಕೆ ಇಬ್ಬರೂ ಬಂದರೆ ಅಜ್ಜಿ ಒಬ್ಬಟ್ಟು ತಟ್ಟುತ್ತ, ಇವರಿಬ್ಬರ ಹೊಟ್ಟೆ ತುಂಬಿಸುವಷ್ಟರಲ್ಲಿ ತನಗೆ ವಯಸ್ಸಾಯಿತು ಎಂದು ಶಾಪ ಹಾಕುತ್ತಿದ್ದರು.

ಆಮೇಲೆ ಬಂದವನು ಬೋರ. ಯುದ್ಧದ ಕಾಲ ಅದು. ಅವನಿಗೆ ಹದಿನೈದೋ ಹದಿನಾರೋ, ನನಗಿಂತ ಸ್ವಲ್ಪ ದೊಡ್ಡವನು. ಹನಕೆರೆ ಸ್ಟೇಷನ್ನಿನ ಆಚೆಯ ಹಳ್ಳಿಯವನು. ಅಲ್ಲಿನ ಜಮೀನ್ದಾರನೊಬ್ಬ ಇವನ ಅಪ್ಪನನ್ನು ಕಣದಲ್ಲಿ ಎಲ್ಲರೆದುರು ಮೆಟ್ಟಿನಲ್ಲಿ ಹೊಡೆದಿದ್ದ. ಅದೇ ಸಂಜೆ ಜಮೀನ್ದಾರನ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಇಟ್ಟವನು ಬೋರ. ಓಡಿಹೋಗದೆ ಉರಿ ನೋಡುತ್ತ ಅಲ್ಲೇ ನಿಂತಿದ್ದನಂತೆ. ಕೋರ್ಟಿನಲ್ಲಿ ಅಪ್ಪ ಜಮೀನ್ದಾರನ ಮುಖ ನೋಡಿ ಹೆದರಿ, ಇವನು ನನ್ನ ಮಗನೇ ಅಲ್ಲ ಎಂದುಬಿಟ್ಟ. ಆಗ ಜಮಾದಾರರು ಎದ್ದು ನಿಂತರು. ಮ್ಯಾಜಿಸ್ಟ್ರೇಟರ ಆಜ್ಞೆ ಹೀಗಿತ್ತು: ಒಂದು ವರ್ಷ ಇವರ ಮನೆಯಲ್ಲಿರಬೇಕು, ತಿಂಗಳ ಮೊದಲ ಸೋಮವಾರ ಮದ್ದೂರಿನ ಕೋರ್ಟಿಗೆ ಬಂದು ಮುಖ ತೋರಿಸಬೇಕು, ಒಂದು ಸಲ ತಪ್ಪಿದರೂ ಜೈಲು.

ನಮ್ಮ ಮೆದೆ ಇದ್ದದ್ದು ಜಮಾದಾರರ ಹಿತ್ತಲಿಗೆ ಒತ್ತಿಕೊಂಡೇ. ಸುದ್ದಿ ಕೇಳಿದ ನಮ್ಮವ್ವ ಗೋಡೆಯ ಈಚೆಯಿಂದಲೇ ಶುರುಮಾಡಿದಳು.

“ಅಲ್ಲ ಕಣಣ್ಣ, ಮದ್ದೂರಲ್ಲಿ ಬ್ಯಾರೆ ಕಳ್ಳರು ಸಿಕ್ನಿಲ್ವಾ ನಿಂಗೆ? ಕೋಳಿ ಕದ್ದೋನ್ನ ತಂದಿದ್ರೆ ಕೋಳಿನಾರ ಬಚ್ಚಿಡ್ತಿದ್ದೆ. ಮೆದೆ ಎಲ್ ಬಚ್ಚಿಡ್ಲಿ?”

“ಬಚ್ಚಿಡಬ್ಯಾಡ ಕಣವ್ವ. ಅವನೇ ಕಾಯ್ತಾನೆ.”

“ಕಾಯ್ತಾನೆ, ಕಾಯ್ತಾನೆ!” ಎಂದು ಅವ್ವ ಒಳಗೆ ಬಂದು ಬೆಂಕಿಪೊಟ್ಟಣವನ್ನು ಅಕ್ಕಿ ಮಡಕೆಯೊಳಗೆ ಹೂತಿಟ್ಟಳು. ಅಂದಿನಿಂದ ಒಲೆ ಹಚ್ಚಬೇಕೆಂದರೆ ಮೊಣಕೈವರೆಗೆ ಅಕ್ಕಿಗೆ ಕೈ ಹಾಕಬೇಕು. ಅಪ್ಪ ಬೀಡಿಗೆಂದು ಆ ಪೊಟ್ಟಣ ಹುಡುಕಿ ಹುಡುಕಿ, ಕಡೆಗೆ ಬೀಡಿಯನ್ನೇ ಕಡಿಮೆ ಮಾಡಿದ.

ಬೋರ ಮಾತಾಡುತ್ತಿರಲಿಲ್ಲ. ಕರೆದರೆ ಕೈ ಕಟ್ಟಿ ಎದ್ದು ನಿಲ್ಲುತ್ತಿದ್ದ. ಅಜ್ಜಿ ಬಡಿಸಿದ ಮುದ್ದೆಯಲ್ಲಿ ಅರ್ಧ ಮುರಿದು ಹುಳದ ತಟ್ಟೆಗಳ ಹಿಂದೆ ಬಚ್ಚಿಡುತ್ತಿದ್ದ. ಅದಕ್ಕೆ ಇರುವೆ ಬಂದು, ಇರುವೆ ಬಂದರೆ ಹುಳಕ್ಕೆ ಕೇಡು ಎಂದು ಅಜ್ಜಿ ತಲೆ ಚಚ್ಚಿಕೊಳ್ಳುವರು. ಮಲಗುವಾಗ ಬಾಗಿಲ ಪಕ್ಕದಲ್ಲೇ ಕೂತು ಚೌಕಟ್ಟಿಗೆ ಒರಗುತ್ತಿದ್ದ. ಆಗಾಗ ಎದ್ದು ಬಾಗಿಲನ್ನು ತಳ್ಳಿ, ತೆರೆದುಕೊಂಡಿತು ಎಂದು ನೋಡಿ ಮತ್ತೆ ಮುಚ್ಚುತ್ತಿದ್ದನಂತೆ. ಎಷ್ಟು ದಿನ ಹೀಗೆ, ಏನಾದರೂ ಕೇಳಬಾರದೇ, ಬುದ್ಧಿ ಹೇಳಬಾರದೇ ಎಂದು ನಾನೇ ಜಮಾದಾರರನ್ನು ಕೇಳಿದೆ.

“ಐದ ಜ್ವರಕ್ಕೆ ಕೂತವ್ನೆ. ಮುಟ್ಬ್ಯಾಡ” ಎಂದರು.

ಹುಳ ಸಾಕದವರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆಹುಳ ಬೆಳೆಯುತ್ತ ಬೆಳೆಯುತ್ತ ನಡುನಡುವೆ ಮೇಯುವುದನ್ನು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಬಿಡುವ ಹೊತ್ತು ಅದು. ನಾವು ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಆ ಮನೆಯಲ್ಲಿ ಕೂಗಾಟ ಕೂಡದು. ಎಬ್ಬಿಸಲು ಹೋದರೆ ಹುಳ ಸಾಯುತ್ತದೆ. ಬಿಟ್ಟರೆ ತಾನೇ ಎದ್ದು ಸೊಪ್ಪಿಗೆ ಬಾಯಿ ಹಾಕುತ್ತದೆ. ಜಮಾದಾರರು ಹುಡುಗರನ್ನೂ ಹೀಗೇ ಸಾಕಿದರು. ಬೆಂಕಿ ಯಾಕೆ ಇಟ್ಟೆ ಎಂದು ಅವರು ಬೋರನನ್ನು ಕಡೆಯವರೆಗೂ ಕೇಳಲಿಲ್ಲ. ಅವನು ಹುಳದ ಮನೆಯಲ್ಲಿ, ಅಂದರೆ ಹುಳ ಸಾಕುವ ಕೋಣೆಯಲ್ಲಿ ಇದ್ದರೆ, ಅವನಿಗೂ ಕೆಮ್ಮಿಯೇ ಒಳಗೆ ಹೋಗುತ್ತಿದ್ದರು.

ಬೋರ ಎದ್ದದ್ದು ಹೇಗೆಂದು ನಾನು ಕಣ್ಣಾರೆ ಕಂಡೆ. ಊರ ಪಟೇಲರು ಒಂದು ಮಧ್ಯಾಹ್ನ ಹುಡುಗನ ನಡತೆ ವಿಚಾರಿಸುವ ಗತ್ತಿನಲ್ಲಿ ಬಂದರು. ಬಾಯಲ್ಲಿ ಉರಿಯುವ ಬೀಡಿ. ಹಾಗೇ ಹುಳದ ಮನೆಗೆ ಕಾಲಿಟ್ಟರು. ಹುಳಕ್ಕೆ ಬೀಡಿ ಹೊಗೆ ಆಗದು. ಆದರೆ ಪಟೇಲರಿಗೆ ಹೇಳುವವರು ಯಾರು? ನಾನೂ ಅಜ್ಜಿಯೂ ಮುಖ ಮುಖ ನೋಡಿಕೊಂಡೆವು. ತಟ್ಟೆಯ ಹಿಂದಿನಿಂದ ಒಡೆದ ಗಂಟಲಿನ ದನಿ ಬಂತು.

“ಬೆಂಕಿ ಆಚ್ಗೆ ಬುಟ್ಬುಟ್ ಬನ್ನಿ.”

ಪಟೇಲರು ದಂಗಾಗಿ ನಿಂತರು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂದು ಅವರಿಗೆ ಅರಿವಾಗುವಷ್ಟರಲ್ಲಿ ಜಗುಲಿಯಲ್ಲಿದ್ದ ಜಮಾದಾರರ ನಗು ಹಿತ್ತಲವರೆಗೆ ಕೇಳಿತು. ಪಟೇಲರು ಪಾಪ, ಕೆಟ್ಟವರಲ್ಲ. ಬೀಡಿಯನ್ನು ಅಂಗಳದಲ್ಲಿ ಹೊಸಕಿಯೇ ಒಳಗೆ ಬಂದರು. ಆ ದಿನ ಊಟಕ್ಕೆ ಕೂತಾಗ ಬೋರ ತಾನಾಗಿ ಬಾಯಿಬಿಟ್ಟ. “ಅಜ್ಜಿ, ಇನ್ನೊಂದ್ ಮುದ್ದೆ ಇಕ್ಕು.” ಅಜ್ಜಿ ಮುದ್ದೆ ಇಕ್ಕಿ, ಸೊಸೆ ಹೆತ್ತಳೇನೋ ಎಂಬಂಥ ಸಂಭ್ರಮದಲ್ಲಿ ನಮ್ಮ ಮನೆಗೆ ಓಡಿಬಂದು ಹೇಳಿದರು. ಅವ್ವ ಕೇಳಿಸಿಕೊಂಡಳು. ಬೆಂಕಿಪೊಟ್ಟಣ ಮಾತ್ರ ಅಕ್ಕಿಯಲ್ಲೇ ಇತ್ತು.

ಅಲ್ಲಿಂದ ಮುಂದೆ ಬೋರನಿಗೆ ಬಾಯಿ ಬಂತು, ತುಸು ಜಾಸ್ತಿಯೇ ಬಂತು. ನನ್ನ ಬುಟ್ಟಿಯಲ್ಲಿ ಸೊಪ್ಪು ಕಡಿಮೆಯಾದರೆ, “ಇದೇನ್ ಪುಟ್ಟವ್ವ, ಉಳಕ್ಕೋ ಇಲ್ಲ ಗುಬ್ಬಚ್ಚಿಗೋ?” ಎಂದು ಅಣಕಿಸುವನು. ಮುದ್ದೆ ಬಚ್ಚಿಡುವುದು ನಿಂತಿತು. ಚಾಪೆ ಬಾಗಿಲಿನಿಂದ ನಡುಮನೆಗೆ ಸರಿಯಿತು. ಆದರೆ ಬೆಂಕಿಯ ಹತ್ತಿರ ಹೋಗುತ್ತಿರಲಿಲ್ಲ. ಅಜ್ಜಿ ಒಲೆ ಹಚ್ಚು ಎಂದರೆ ಎದ್ದು ಹೊರಗೆ ಹೋಗಿಬಿಡುವನು. ಅದನ್ನೂ ಜಮಾದಾರರು ಹಾಗೇ ಬಿಟ್ಟರು.

ತಿಂಗಳ ಮೊದಲ ಸೋಮವಾರ ಮಾತ್ರ ಇಬ್ಬರೂ ಕೋಳಿ ಕೂಗುವ ಮೊದಲೇ ಎದ್ದು ತಯಾರು. ಆಗ ಪೆಟ್ರೋಲಿಗೆ ಬರ, ಬಸ್ಸುಗಳು ಇದ್ದಿಲು ಸುಟ್ಟ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದರೆ ಇಳಿದು ತಳ್ಳಬೇಕು. ಬೋರ ಬಸ್ಸು ತಳ್ಳಿ ತಳ್ಳಿಯೇ ಕೋರ್ಟು ಮುಟ್ಟುತ್ತಾನೆ ಎಂದು ಕಂಡಕ್ಟರ್ ತಮಾಷೆ ಮಾಡುತ್ತಿದ್ದನಂತೆ. ಹೀಗೆ ಎಂಟು ತಿಂಗಳು ಒಂದೂ ತಪ್ಪದೆ ನಡೆಯಿತು.

ತಪ್ಪಿದ್ದು ನಮ್ಮವ್ವನಿಂದ.

ಆ ಸಲ ಬಿಸಿಲು ಜಾಸ್ತಿಯಾಗಿ ಹುಳ ಎಣಿಸಿದ ದಿನಕ್ಕಿಂತ ಮುಂಚೆ ಹಣ್ಣಾದವು. ಹಣ್ಣಾದ ಹುಳ ಎಂದರೆ ಮೇವು ಬಿಟ್ಟು, ಮೈ ಬಣ್ಣ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುವ ಹುಳ. ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸಿಕ್ಕಲ್ಲಿ ನೂಲು ಚೆಲ್ಲಿ ಇಡೀ ಬೆಳೆ ಹಾಳು. ನಮ್ಮ ಕಡೆ ಹುಳ ಹಣ್ಣಾದರೆ ಮದುವೆ ದಿಬ್ಬಣವೂ ನಿಲ್ಲುತ್ತದೆ. ಜಗಳ ಆಡಿದವರೂ ಬಂದು ಕೂತು ಆರಿಸಿಕೊಡುತ್ತಾರೆ. ಅದು ಸೋಮವಾರ. ಜಮಾದಾರರೂ ಬೋರನೂ ಮದ್ದೂರಿನ ಬಸ್ಸಿಗೆಂದು ಹಲಗೂರಿನ ದಾರಿ ಹಿಡಿದಾಗಿತ್ತು. ಅಜ್ಜಿಯ ಕೂಗು ಕೇಳಿ ಗೋಡೆಯಾಚೆ ಇಣುಕಿದ ಅವ್ವ, ತಟ್ಟೆಗಳನ್ನು ಕಂಡದ್ದೇ ಸೆರಗು ಬಿಗಿದು ಊರ ಬಾಗಿಲವರೆಗೆ ಓಡಿದಳು.

“ಎಲ್ಲಿಗ್ಲಾ ಓಗ್ತೀಯ ಬೋರ? ಉಳ ಅಣ್ಣಾಗವೆ! ಕ್ವಾರ್ಟು ಎಲ್ಗೂ ಓಡೋಗಾಕಿಲ್ಲ, ತಿರುಗ್ರೀ ಇಬ್ರೂವೆ!”

ಅವರಿಬ್ಬರೂ ತಿರುಗಿದರು. ನನಗೂ ಅದು ತಪ್ಪೆಂದು ಹೊಳೆಯಲಿಲ್ಲ, ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಹುಳ ಹಣ್ಣಾದರೆ ಎಲ್ಲವೂ ನಿಲ್ಲುತ್ತದೆ ಎಂದೇ ನಾವು ಬೆಳೆದವರು. ಮ್ಯಾಜಿಸ್ಟ್ರೇಟರಿಗೆ ಅದು ಗೊತ್ತಿರುವುದಿಲ್ಲ ಎಂದು ಯಾರು ಯೋಚಿಸುತ್ತಾರೆ? ಸಂಜೆಯವರೆಗೆ ಬೀದಿಯೆಲ್ಲ ಕೂತು ಆರಿಸಿದೆವು. ಬೋರನ ಕೈ ಎಲ್ಲರಿಗಿಂತ ಚುರುಕಾಗಿತ್ತು. ನಾಳೆ ಹೋಗಿ ಹೇಳಿದರಾಯಿತು ಎಂದರು ಜಮಾದಾರರು.

ನಾಳೆ ಬಂದದ್ದು ಪೊಲೀಸು. ಮದ್ದೂರಿಗೆ ಹೊಸ ಮ್ಯಾಜಿಸ್ಟ್ರೇಟರು ಬಂದಿದ್ದರು, ಖಡಕ್ಕು ಮನುಷ್ಯ. ಹುಡುಗ ಕಾಣದಿದ್ದದ್ದೇ ವಾರಂಟು ಹೊರಡಿಸಿದ್ದರು. ಖಾಕಿ ಕಂಡ ತಕ್ಷಣ ಬೋರ ಎರಡೂ ಕೈ ಮುಂದೆ ಚಾಚಿ ನಿಂತ. ಎಂಟು ತಿಂಗಳು ಎಲ್ಲಿಗೆ ಹೋದವೋ. ಬಂದ ದಿನದ ಮುಖವೇ ಅವನದು. ಜಮಾದಾರರು, “ಕೈ ಕೆಳಿಕ್ ಇಳಿಸ್ಲಾ” ಎಂದು ಗದರಿ, ಕೋಟು ಹಾಕಿಕೊಂಡು ಜೊತೆಗೇ ಹೊರಟರು. ಜೈಲು ಎಂದರೆ ಆ ಹುಡುಗ ಮತ್ತೆ ಮೇಲೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ಅಳು ನಿಂತುಹೋದ ಆ ಇನ್ನೊಬ್ಬ ಹುಡುಗನ ಕತೆ ಕೇಳಿದವಳಲ್ಲವೇ ನಾನು?

ಮರುದಿನ ಅವ್ವ ನನ್ನನ್ನು ಎಬ್ಬಿಸಿ, “ನಡಿ, ನಂಗೆ ಬಸ್ಸಿನ್ ಬೋಲ್ಡು ಓದಾಕ್ ಬರಾಕಿಲ್ಲ” ಎಂದು ಮದ್ದೂರಿಗೆ ಹೊರಡಿಸಿದಳು. ಕೋರ್ಟಿನ ಮುಂದೆ ಸಿಕ್ಕ ಪೇದೆ ನಮಗೆ ದೂರು ಹೇಳಿದ. “ನಿಮ್ಮೂರ್ ಮುದ್ಕಪ್ಪ ಲಾಕಪ್ ಮುಂದಿಂದ ಏಳ್ನೇ ಇಲ್ಲ. ಆಗಾಗ ಕೆಮ್ತಾರೆ. ಕಾಯಿಲೆಯಾ ಅಂದ್ರೆ ಇಲ್ಲ ಅಂತಾರೆ. ಒಳಗಿರೋ ಐದನ್ಗೆ ಅದು ಕೇಳ್ಬೇಕಂತೆ.” ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಒಳಗೆ ಮ್ಯಾಜಿಸ್ಟ್ರೇಟರು ಕೇಳಿದರು. “ಸೋಮವಾರ ಯಾಕೆ ಬರಲಿಲ್ಲ?”

ಬೋರ ನೆಲ ನೋಡುತ್ತ ಹೇಳಿದ. “ಇವರು ಓಗಾಣ ಅಂದ್ರು ಸ್ವಾಮಿ. ನಾನೇ ಬರಾಕಿಲ್ಲ ಅಂದೆ.”

“ಸುಳ್ಳು ಸ್ವಾಮಿ” ಎಂದರು ಜಮಾದಾರರು. “ಅವನು ಓಯ್ತೀನಿ ಅಂದ. ನಾನೇ ಬ್ಯಾಡ ಅಂದೆ.”

“ಇಬ್ಬರಲ್ಲಿ ಒಬ್ಬರು ಕೋರ್ಟಿಗೇ ಸುಳ್ಳು ಹೇಳುತ್ತಿದ್ದೀರಿ.”

“ಇಬ್ರೂ ಸುಳ್ಳೇ ಏಳ್ತಾವ್ರೆ ಸ್ವಾಮಿ!” ಹಿಂದಿನಿಂದ ಅವ್ವನ ದನಿ. ಹಿತ್ತಲ ಗೋಡೆಗೆಂದೇ ಪಳಗಿದ ದನಿ, ಕೋರ್ಟೆಲ್ಲ ತಿರುಗಿತು. ನಾನು ಸೆರಗು ಹಿಡಿದೆಳೆದೆ, ಅವಳು ಕೊಡವಿಕೊಂಡು ಮುಂದೆ ಹೋದಳು. “ಇಬ್ರೂ ಬರ್ತಿದ್ರು. ಉಳ ಅಣ್ಣಾಗವೆ ಅಂತ ದಾರೀಲಿ ತಡ್ದು ತಿರುಗ್ಸಿದ್ದು ನಾನು. ಇಡಿಯೋದಿದ್ರೆ ನನ್ನ ಇಡೀರಿ.”

“ನೀವು ಯಾರಮ್ಮ?”

“ಪಕ್ಕದ್ ಮನೇಳು ಸ್ವಾಮಿ. ಇವರ ಇತ್ತಲಿಗೆ ಒತ್ಕಂಡಂಗೆ ನಮ್ ಮೆದೆ ಅದೆ.”

“ಏನಿದೆ?”

“ಉಲ್ಲಿನ್ ಮೆದೆ ಸ್ವಾಮಿ. ಈ ಐದ ಬಂದಾಗ ನಾನು ಎದೆ ಎದೆ ಬಡ್ಕಂಡೆ. ಎಂಟ್ ತಿಂಗ್ಳಾಯ್ತು. ಬಂದ್ ನೋಡಿ, ಮೆದೆ ಅಂಗೇ ಅದೆ.”

ಮ್ಯಾಜಿಸ್ಟ್ರೇಟರು ಹುಡುಗನ ಕೇಸಿನ ಕಾಗದ ತಿರುವಿ ನೋಡಿದರು. ಅವನು ಬೆಂಕಿ ಇಟ್ಟದ್ದು ಯಾವುದಕ್ಕೆ ಎಂದು ಅಲ್ಲಿತ್ತಲ್ಲ. ತಲೆ ಎತ್ತಿದಾಗ ಆ ಖಡಕ್ಕು ಮುಖದ ತುಟಿಯಂಚು ಅಲುಗಿತು. “ಮುಂದಿನ ಸಲ ಹುಳ ಹಣ್ಣಾಗುವ ಹಾಗಿದ್ದರೆ ಮೊದಲೇ ಹೇಳಿಕಳಿಸಿ” ಎಂದರು. “ಹುಡುಗನನ್ನು ಕರೆದುಕೊಂಡು ಹೋಗಿ.” ನನಗೆ ಹೋದ ಜೀವ ಬಂತು. ಹಗ್ಗ ಬಿಚ್ಚುವಾಗ ಬೋರ ಗೊಳೋ ಎಂದು ಅತ್ತ. ಸುಮ್ಮನಿರಿಸಲು ಬಂದ ಪೇದೆಯನ್ನು ಜಮಾದಾರರು ತಡೆದು, “ಅಳ್ಲಿ ಬುಡಪ್ಪ, ಒಸಿ ಅಳ್ಲಿ” ಎಂದರು. ಅವರ ಮುಖದಲ್ಲಿ ಅಂಥ ನಿರಾಳವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬಸ್ಸು ಎರಡು ಕಡೆ ನಿಂತಿತು. ಬೋರ ಇಳಿದು ತಳ್ಳಿದ. ನಾವು ಊರು ಸೇರುವಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಬೀದಿಯಲ್ಲೇ ಕಾದಿದ್ದವರು ನಮ್ಮನ್ನು ಕಂಡು ಓಡಿಬಂದು ಬೋರನ ಮೈ ತಡವಿ ನೋಡಿದರು. ಅವರ ಮನೆ ಕತ್ತಲಾಗಿತ್ತು. ಅವ್ವ ನೆಟ್ಟಗೆ ನಮ್ಮ ಮನೆಗೆ ಹೋಗಿ ಅಕ್ಕಿ ಮಡಕೆಗೆ ಕೈಹಾಕಿ, ಬೆಂಕಿಪೊಟ್ಟಣ ತಂದು, ಅಂಟಿದ್ದ ಅಕ್ಕಿ ಕೊಡವಿ ಬೋರನ ಕೈಗಿಟ್ಟಳು.

“ಓಗ್ಲಾ ಮಗ, ಒಳಿಕ್ ಓಗಿ ದೀಪ ಅಚ್ಚು.”

ಬೋರ ಪೊಟ್ಟಣ ಹಿಡಿದು ಅವ್ವನ ಮುಖ ನೋಡಿದ. ಆಮೇಲೆ ಒಳಗೆ ಹೋದ. ಕಡ್ಡಿ ಗೀರಿದ್ದು ಕೇಳಿತು, ಹತ್ತಲಿಲ್ಲ. ಮತ್ತೆ ಗೀರಿದ. ಜಮಾದಾರರು ಹೊಸ್ತಿಲವರೆಗೆ ಹೋಗಿ ಕೆಮ್ಮಿದರು. ಆದರೆ ಕಾಲಿಡಲಿಲ್ಲ. ತಿರುಗಿ ಬಂದು ಜಗುಲಿಯಲ್ಲಿ ನಮ್ಮ ಪಕ್ಕ ಕೂತರು. ಒಳಗೆ ದೀಪ ಹತ್ತಿ, ಬೆಳಕು ಚಿಲಕವಿಲ್ಲದ ಬಾಗಿಲು ದಾಟಿ ನಮ್ಮ ಕಾಲಿನವರೆಗೆ ಬಂತು.